ಕೊಟ್ರಬಸಪ್ಪನ ಬಾಣಂತನ

ಮಂಗಳೂರು, ಯಲಬುರ್ಗಾ ತಾಲೂಕು
೨೬ ಮಾರ್ಚ್ ೧೯೮೮

ಪ್ರೀತಿಯ ಸಿದ್ದಕ್ಕ,

ಇವರ ರಕ್ತ ಬದಲಾಗಿದೆ, ಬಿ ಗುಂಪು ಹೋಗಿ ಓ ಗುಂಪಾಗಿದೆ, ಅಂದರೆ ನಿಮ್ಮದೇ ಆಗಿದೆ! ಕ್ಷೇಮ ಸಮಾಚಾರ ಕೇಳುವ ಮೊದಲೇ ಬರೆದುಬಿಟ್ಟೆ, ತಡೆಯಲಾಗಲಿಲ್ಲ. ಗದಗಿನಲ್ಲಿ ಎಲ್ಲರೂ ಕ್ಷೇಮವೇ? ನಿಮ್ಮ ಸೊಂಟದ ನೋವು ಕಡಿಮೆಯಾಯಿತೇ? ಸರಿ, ಮತ್ತೆ ನನ್ನ ಸುದ್ದಿಗೆ ಬರುತ್ತೇನೆ.

ನೂರನೇ ದಿನದ ಪರೀಕ್ಷೆ ಮುಗಿದ ಮೇಲೆ ವೇಲೂರಿನ ಡಾಕ್ಟರು ಕಾಗದ ಹಿಡಿದು ನಗುತ್ತಲೇ ಬಂದರು. ಡಿಸೆಂಬರಿನಲ್ಲಿ ನಿಮ್ಮ ಸೊಂಟದ ಎಲುಬಿನಿಂದ ತೆಗೆದು ಇವರಿಗೆ ಏರಿಸಿದ ಮಜ್ಜೆ ಪೂರ್ತಿ ಬೇರು ಬಿಟ್ಟಿದೆಯಂತೆ. ಇವರ ಎಲುಬಿನೊಳಗೆ ಕೂತು ಈಗ ರಕ್ತ ಮಾಡುತ್ತಿರುವವರು ನೀವೇ ಅಂತೆ! ಇವರು ಕನ್ನಡಿ ನೋಡಿಕೊಂಡು, "ಹಂಗಂದ್ರ ಇನ್ನ ಮ್ಯಾಲೆ ನನಗೂ ಅಕ್ಕನ ಸಿಟ್ಟು ಬರತೈತೇನು? ಹುಷಾರಾಗಿರು" ಎಂದರು.

ಮದುವೆಯಾಗಿ ಮೂರೇ ತಿಂಗಳಿಗೆ ಇವರ ವಸಡಿನಿಂದ ರಕ್ತ ಸೋರತೊಡಗಿದಾಗ ನನ್ನ ಅರ್ಧ ಸೀರೆಗಳ ಮಡಿಕೆ ಕೂಡ ಬಿಚ್ಚಿರಲಿಲ್ಲ. ಎಲುಬಿನಲ್ಲಿ ರಕ್ತ ಹುಟ್ಟುವುದೇ ನಿಂತಿದೆ, ಒಡಹುಟ್ಟಿದವರ ಮಜ್ಜೆ ಹೊಂದಿದರೆ ಮಾತ್ರ ದಾರಿ ಎಂದಾಗಲೇ ನನಗೆ ನೀವು ಇದ್ದೀರಿ ಎಂದು ತಿಳಿದದ್ದು. ಗ್ಯಾಂಗ್‌ಮನ್ ಹೊನ್ನೂರಪ್ಪನವರನ್ನು ಜಾತಿ ಬಿಟ್ಟು ಮದುವೆಯಾದಿರೆಂದು ಮಾವನವರು ನಿಮ್ಮ ಹೆಸರನ್ನೇ ಈ ಮನೆಯಲ್ಲಿ ಎತ್ತಗೊಡಲಿಲ್ಲವಂತೆ. ಅವರು ತೀರಿ ನಾಲ್ಕು ವರ್ಷವಾಯಿತು, ಮಾತು ಮಾತ್ರ ಇನ್ನೂ ಪಡಸಾಲೆಯಲ್ಲಿ ಕೂತಿದೆ. ಎಂಟು ವರ್ಷ ತವರಿನ ಒಂದು ಕಾಗದ ಕಾಣದ ನೀವು, ಗುರುತೇ ಇಲ್ಲದ ನಾನು ಬಾಗಿಲು ಬಡಿದು ವಿಷಯ ಹೇಳಿದಾಗ ಕೇಳಿದ್ದು ಇಷ್ಟೇ: "ರಕ್ತ ಸಾಕೋ, ಎಲುಬೂ ಬೇಕೋ?" ಇದನ್ನು ನಾನು ಮುದುಕಿಯಾದರೂ ಮರೆಯುವುದಿಲ್ಲ.

ಈಗ ಕೇಳಿ. ಇವರ ಹೊಸ ರಕ್ತಕ್ಕೆ ಇನ್ನೂ ಎಳೆಗೂಸಿನ ಬುದ್ಧಿ, ಯಾವ ರೋಗವನ್ನೂ ಎದುರಿಸಲು ಬಾರದು. ಆಗಸ್ಟಿನ ಪರೀಕ್ಷೆಯವರೆಗೆ ಜ್ವರ ಬರದ ಹಾಗೆ ಕಾಯಬೇಕು, ಬಂದರೆ ಏನೂ ಆಗಬಹುದು ಎಂದಿದ್ದಾರೆ. ಕುದಿಸಿದ ನೀರು, ಬಿಸಿ ಅಡುಗೆ, ಹಸಿ ತಪ್ಪಲು ಉಳ್ಳಾಗಡ್ಡಿ ಬಂದ್, ಜನರ ನಡುವೆ ಕೂರುವುದು ಬಂದ್. ಆದರೆ ನಿಮ್ಮ ಊರು ನಿಮಗೆ ಗೊತ್ತಲ್ಲ! ಬೇನೆ ಬಿದ್ದವರನ್ನು ಮಾತಾಡಿಸದಿದ್ದರೆ ಇಲ್ಲಿ ಪಾಪ. ಮೊದಲ ದಿನವೇ ನಲವತ್ತು ಜನ. ನಾನು ಬಾಗಿಲಿಗೆ ಅಡ್ಡ ನಿಂತೆ. "ಯವ್ವಾ, ನಾವೇನು ರೋಗ ತಂದೀವೇನು? ಬೆಲ್ಲ ತಂದೀವಿ" ಎಂದಳು ಒಬ್ಬಾಕೆ. ನನಗೀಗ ಈ ಊರಿನಲ್ಲಿ "ಇಂಗ್ಲೀಷ್ ಸೊಸಿ" ಎಂದೇ ಹೆಸರು.

ಗುಂಪು ಬದಲಾದ ಸುದ್ದಿ ಹೇಳಿದಾಗ ಅತ್ತೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದರು. ಆಮೇಲೆ ಮತ್ತೆ ಬಡಿದರು. ಅಷ್ಟೇ. ಆದರೂ ಹೇಳುತ್ತೇನೆ ಅಕ್ಕಾ: ಆಗಸ್ಟಿನ ಕಾಗದ ಚೆನ್ನಾಗಿ ಬರಲಿ, ನಿಮ್ಮನ್ನು ಇದೇ ಪಡಸಾಲೆಯಲ್ಲಿ ಕೂರಿಸುತ್ತೇನೆ. ಇದು ನನ್ನ ಪ್ರಾಮಿಸ್.

ನಿಮ್ಮ ತಮ್ಮನ ಹುಚ್ಚು ಹೆಂಡತಿ,
ಕಲಾ
(ರೇಷನ್ ಕಾರ್ಡಿನಲ್ಲಿ ಕಳಕಮ್ಮ. ಕಾಗುಣಿತ ತಿದ್ದಿದವರು ಹೈಸ್ಕೂಲ್ ಮೇಷ್ಟ್ರಾದ ನಿಮ್ಮ ತಮ್ಮ. ರಜೆಯಲ್ಲಿದ್ದರೂ ಕೆಂಪು ಪೆನ್ನು ಬಿಟ್ಟಿಲ್ಲ!)


ಮಂಗಳೂರು
೧೦ ಏಪ್ರಿಲ್ ೧೯೮೮

ಪ್ರೀತಿಯ ಅಕ್ಕಾ,

ಜನರ ಕಾಟ ನಿಂತಿತು! ನಿಲ್ಲಿಸಿದವರು ಅತ್ತೆ. ಅಲ್ಲ, ನಾನೂ ಅರ್ಧ ನಿಲ್ಲಿಸಿದೆ.

ಕಳೆದ ಸೋಮವಾರ ಮುದಕಮ್ಮ ಬಂದಿದ್ದರು, ನಿಮ್ಮನ್ನೂ ಇವರನ್ನೂ ಭೂಮಿಗಿಳಿಸಿದ ಸೂಲಗಿತ್ತಿ. ಅವರಿಗೆ ನಾನು ಹತ್ತನೇ ಸಲ ಡಾಕ್ಟರ ಪಟ್ಟಿ ಒಪ್ಪಿಸುತ್ತಿದ್ದೆ: ಬಿಸಿನೀರು, ಬೇರೆ ಪಾತ್ರೆ, ಕುದಿಸಿದ ಬಟ್ಟೆ, ಹಸಿಯದು ಬೇಡ, ಹೊರಗಿನವರು ಮುಟ್ಟಬಾರದು. ಅತ್ತೆ ಮೂಲೆಯಲ್ಲಿ ಶೇಂಗಾ ಬಿಡಿಸುತ್ತಿದ್ದವರು ತಲೆ ಎತ್ತದೆ, "ಇದರಾಗ ಹೊಸಾದೇನೈತಿ? ವೇಲೂರಿನ ತನಕ ಹೋಗಿ ಕಲತು ಬಂದಿಯೇನು? ಇದು ಬಾಣಂತನ" ಎಂದರು.

ನಾನು ಎದ್ದು ಅವರನ್ನು ತಬ್ಬಿಕೊಂಡೆ. ಶೇಂಗಾ ಎಲ್ಲ ಚೆಲ್ಲಿತು. ಅತ್ತೆಯನ್ನು ತಬ್ಬಿಕೊಂಡ ಸೊಸೆಯನ್ನು ಮುದಕಮ್ಮ ಎಂಬತ್ತು ವರ್ಷದಲ್ಲಿ ನೋಡಿರಲಿಲ್ಲವಂತೆ. ಸುಧಾರಿಸಿಕೊಂಡು ಕೇಳಿದರು, "ಬಾಣಂತನ ಖರೇ. ಮತ್ತ ಹಡದಾಕಿ ಯಾರು?"

ಅತ್ತೆ ಚೆಲ್ಲಿದ ಶೇಂಗಾ ಆರಿಸತೊಡಗಿದರು.

ಆದರೆ ನಾನು ಬಿಡುವವಳೇ? ಅಂದು ಸಂಜೆಯೊಳಗೆ ಬಾವಿ, ಹಿಟ್ಟಿನ ಗಿರಣಿ, ಬಸ್ ಸ್ಟ್ಯಾಂಡ್ ಎಲ್ಲ ಕಡೆ ಹಬ್ಬಿಸಿದೆ: ಕೊಟ್ರಬಸಪ್ಪ ಮರುಹುಟ್ಟು ಹುಟ್ಟ್ಯಾನ, ಮನೆಯಲ್ಲಿ ಬಾಣಂತನ ನಡೆದೈತಿ. ಮ್ಯಾಜಿಕ್! ಅತ್ತೆ ಕೋಣೆಯ ಬಾಗಿಲಿಗೆ ಬೇವಿನ ತಪ್ಪಲು ಸಿಕ್ಕಿಸಿದರು, ಹೊಸ್ತಿಲಲ್ಲಿ ಕುಡುಗೋಲು ಇಟ್ಟರು. ಬಾಣಂತಿ ಕೋಣೆಗೆ ಗಂಡಸರು ಬರುವಂತಿಲ್ಲ, ಹೆಂಗಸರು ಮೈಲಿಗೆಯಲ್ಲಿ ಬರುವಂತಿಲ್ಲ. ಡಾಕ್ಟರ ಪಟ್ಟಿಗೆ ಹೆದರದ ಊರು ಕುಡುಗೋಲಿಗೆ ಹೆದರಿತು. ಈಗ ಎಲ್ಲರೂ ಬೀದಿಯ ಕಿಟಕಿಯಿಂದಲೇ ವಿಚಾರಿಸುತ್ತಾರೆ.

"ಕೊಟ್ರಬಸಪ್ಪಾ, ಹಾಲು ಬಂತೇನೋ?"

"ಇನ್ನೂ ಇಲ್ಲವ್ವ, ನಿನ್ನ ಎಮ್ಮೀನ ಕೇಳಬೇಕು!"

ಇವರಿಗೆ ಕಿವಿಗೆ ಬಟ್ಟೆ, ಕಾಲಿಗೆ ಕಾಲುಚೀಲ, ಏಪ್ರಿಲ್ ಬಿಸಿಲಿನಲ್ಲಿ! ನನ್ನ ಮುಖಕ್ಕೆ ಮಾಸ್ಕ್. ಕಣ್ಣಲ್ಲೇ ಜಗಳ, ಕಣ್ಣಲ್ಲೇ ರಾಜಿ. ನಿನ್ನೆ ಕೋಣೆಯಿಂದ ಹಿತ್ತಲಿನ ಹುಣಸೆ ಮರದವರೆಗೆ ಹನ್ನೊಂದು ಸಲ ನಡೆದರು. ಬೋಳು ತಲೆಯ ಮೇಲೆ ಮೆತ್ತಗೆ ಕೂದಲು ಬಂದಿದೆ, ಕೋಳಿಮರಿಯ ಹಾಗೆ. ನಾನು ದಿನಕ್ಕೆ ನಾಲ್ಕು ಸಲ ಕೈ ತೊಳೆದುಕೊಂಡು ಅದನ್ನು ಮುಟ್ಟಿ ನೋಡುತ್ತೇನೆ.

ಒಂದು ಮಾತು. ನಿನ್ನೆ ಅತ್ತೆ ಬೆಳ್ಳುಳ್ಳಿ ಸುಲಿಯುತ್ತಾ ಕೇಳಿದರು: "ಅಕಿಗೆ ಎರಡೂ ಹೆರಿಗಿ ಎಲ್ಲಾದವು?" ಯಾರಿಗೆ ಎಂದೆ. "ಯಾರಿಗೆ ಅಂತ ಕೇಳ್ತಿ, ಶಾಣ್ಯಾಕಿ" ಎಂದು ಎದ್ದು ಹೋದರು. ಬರೆದು ತಿಳಿಸಿ, ದಯವಿಟ್ಟು.

ಮುತ್ತುಗಳೊಂದಿಗೆ,
ಕಲಾ


ರೈಲ್ವೆ ಕ್ವಾರ್ಟರ್ಸ್, ಗದಗ
೨೨ ಏಪ್ರಿಲ್ ೧೯೮೮

ಚಿ. ಸೌ. ಕಲಾಗ ಸಿದ್ದವ್ವನ ಆಶೀರ್ವಾದ.

ನಿನ್ನ ಎರಡೂ ಕಾಗದ ಮುಟ್ಟಿದವು. ನಾ ಏಳನೇ ಇಯತ್ತೆ ತನಕ ಕಲತಾಕಿ, ನಿನ್ನಂಗ ಉದ್ದ ಬರಿಯಾಕ ಬರೂದಿಲ್ಲ. ಕೊಟ್ರ್ಯಾ ನಡದಾಡತಾನ ಅಂತ ಓದಿ ಕಾಗದ ಎದೀಗೆ ಒತ್ತಿಕೊಂಡೆ. ಇವರು ಡ್ಯೂಟಿ ಮುಗಿಸಿ ಬಂದ ಮ್ಯಾಲ ಮತ್ತ ಓದಿಸಿಕೊಂಡ್ರು.

ಅವ್ವ ಕೇಳ್ಯಾಳ ಅಂದಿ. ಎರಡೂ ಹೆರಿಗಿ ಇಲ್ಲೇ ರೈಲ್ವೆ ದವಾಖಾನ್ಯಾಗ ಆದವು. ಬಾಣಂತನ ಅಂತ ಏನಿಲ್ಲ. ಇವರೇ ನೀರು ಕಾಸಿ ಹಾಕಿದ್ರು. ಹತ್ತನೇ ದಿನಕ್ಕ ನಾ ನಳದ ನೀರು ಹೊತ್ತೆ. ಮಕ್ಕಳು ಛಲೋ ಅದಾವ. ಇಷ್ಟ ಹೇಳು. ಹೆಚ್ಚು ಹೇಳಬ್ಯಾಡ.

ಸೊಂಟ ಬಗ್ಗಿದಾಗ ಅಷ್ಟೇ ನೋಯತೈತಿ. ಅದಕ್ಕ ಯಾರೂ ಮರುಗೂದು ಬ್ಯಾಡ.

ಇಂತಿ,
ಸಿದ್ದವ್ವ


ಮಂಗಳೂರು
೧೫ ಮೇ ೧೯೮೮

ನನ್ನ ಅಕ್ಕಾ,

ಜ್ವರ ಬಿಟ್ಟು ಇಂದಿಗೆ ಹತ್ತು ದಿನ, ಮನೆಗೆ ಬಂದು ಆರು ದಿನ. ಮೊದಲು ಅದನ್ನು ಓದಿ ನಿಟ್ಟುಸಿರು ಬಿಡಿ. ನಿನ್ನೆ ಎರಡು ಬಿಸಿ ರೊಟ್ಟಿ ತಿಂದು ಮೂರನೆಯದಕ್ಕೆ ಕೈ ಚಾಚಿದರು. ನಾನು ಅಡುಗೆಮನೆಗೆ ಹೋಗಿ ಅತ್ತು ಬಂದೆ.

ಹುಬ್ಬಳ್ಳಿಯ ಆಸ್ಪತ್ರೆಗೆ ನನ್ನ ತಂತಿ ನೋಡಿ ಓಡಿ ಬಂದಿರಿ, ನಾಲ್ಕು ದಿನ ಇದ್ದಿರಿ. ಕಣ್ಣಾರೆ ಕಂಡವರಿಗೆ ಏನು ಬರೆಯಲಿ? ಆದರೆ ಅಲ್ಲಿ ನಾನು ಬಾಯಿ ಬಿಡದ ಒಂದು ವಿಷಯವಿದೆ. ಅದಕ್ಕೇ ಈ ಕಾಗದ.

ಬಾಣಂತನ ಎಂಬ ಹೆಸರನ್ನು ಊರಿಗೆಲ್ಲ ಹಂಚಿದವಳು ನಾನು. ಹೆಸರು ಕೊಟ್ಟ ಮೇಲೆ ಅತ್ತೆ ಅರ್ಧ ಬಾಣಂತನ ಮಾಡುವವರೇ? ಏಪ್ರಿಲ್ ಕೊನೆಯ ವಾರ ಇವರ ಹೊರಸಿನ ಕೆಳಗೆ ಶೇಗಡಿ ಬಂತು. ಕೆಂಡದ ಮೇಲೆ ಬೆಳ್ಳುಳ್ಳಿ ಸಿಪ್ಪೆ, ಅಜವಾನ, ಲೋಬಾನ. ಕೋಣೆ ತುಂಬ ಹೊಗೆ. ಬಾಣಂತಿಗೆ ಮೈ ಕಾಸುವ ಹಾಗೆ, ನಾಲ್ಕು ದಿನ. ನಾನು ನೋಡಿದ್ದೆ ಅಕ್ಕಾ. ನೋಡಿ, "ನಮ್ಮ ಬಾಣಂತಿ ಎಷ್ಟು ಚೆಂದ ಬೆವರುತ್ತಾಳೆ" ಎಂದು ನಕ್ಕಿದ್ದೆ. ಡಾಕ್ಟರ ಪಟ್ಟಿಯಲ್ಲಿ ಹೊಗೆಯ ಮಾತೇ ಇರಲಿಲ್ಲ. ಇಪ್ಪತ್ತಾರು ವರ್ಷದ ಗಂಡಸಿನ ಮಂಚದ ಕೆಳಗೆ ಯಾರಾದರೂ ಕೆಂಡ ಇಡುತ್ತಾರೆಂದು ಪಾಪ ಅವರಿಗೆ ಹೊಳೆಯುವುದು ಹೇಗೆ? ಆದರೆ ನನಗೆ ಹೊಳೆಯಬೇಕಿತ್ತು. ಆ ಎಳೆಯ ಎದೆಗೆ ಹೊಗೆ ಆಗದೆಂದು ಏಳನೇ ಕ್ಲಾಸಿನ ಹುಡುಗಿಗೂ ಗೊತ್ತು. ಐದನೇ ದಿನ ಕೆಮ್ಮು, ಸಂಜೆಗೆ ನೂರಾಮೂರು ಡಿಗ್ರಿ. ಊರಿನ ಬಾಡಿಗೆ ಜೀಪಿನ ದಾದೇಸಾಬ ಗಾಡಿಯನ್ನು ಹೇಗೆ ಓಡಿಸಿದನೋ, ದಾರಿಯುದ್ದಕ್ಕೂ ನಾನು ಇವರ ಉಸಿರು ಎಣಿಸಿದೆ.

ಡಾಕ್ಟರು ಕೇಳಿದರಲ್ಲ, ಹೊಗೆಯಲ್ಲಿ ಇದ್ದರಾ ಎಂದು? ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಮುಂದೆ ಬಂದು, "ಹೌದ್ರಿ. ಶೇಗಡಿ ನಾ ಇಟ್ಟೀನಿ. ಈ ಹುಡುಗಿದೇನೂ ತಪ್ಪಿಲ್ಲ" ಎಂದರು. ನಾನು ಸುಮ್ಮನಿದ್ದೆ. ಅಷ್ಟು ಮಾತಾಡುವ ನಾನು! ನೀವು ಆಗ ಅವರ ಮುಖ ನೋಡಿದಿರಿ. ಮೊದಲ ಸಲ ನೋಡಿದಿರಿ ಅನಿಸಿತು.

ಮನೆಗೆ ಬಂದ ದಿನ ಅತ್ತೆಯ ಮುಂದೆ ತಪ್ಪೊಪ್ಪಿಕೊಂಡೆ. "ಹುಚ್ಚೀ, ನಿನಗ ಒಂದು ವರ್ಷದ ಸಂಸಾರ, ನಂದು ಮೂವತ್ತು ವರ್ಷದ್ದು. ನನಗ ತಿಳೀಬೇಕಿತ್ತು" ಎಂದು ಶೇಗಡಿಯನ್ನು ಅಟ್ಟಕ್ಕೆ ಹಾಕಿದರು.

ಆ ಬೆಂಚು ನೆನೆದರೆ ಈಗ ನಗು ಬರುತ್ತದೆ. ಆ ತುದಿಗೆ ಅತ್ತೆ, ಈ ತುದಿಗೆ ನೀವು, ನಡುವೆ ನಾನು ಮತ್ತು ಥರ್ಮಾಸ್. "ಅಕಿಗೆ ಕೇಳು, ಚಾ ಕುಡೀತಾಳೇನು." "ಅವರಿಗೆ ಹೇಳು, ಈಗರ ಕುಡದೀನಿ." "ಅಕಿಗೆ ಹೇಳು, ಬೆನ್ನು ಗ್ವಾಡಿಗೆ ಹಚ್ಚಬ್ಯಾಡ, ತಂಪು ಹತ್ತತೈತಿ." ಮೂರು ಅಡಿ ದೂರಕ್ಕೆ ನಾನು ಪೋಸ್ಟ್‌ಮ್ಯಾನ್! ಎರಡೂ ಕಡೆ ತಿರುಗಿ ತಿರುಗಿ ಕುತ್ತಿಗೆ ನೋಯುತ್ತಿತ್ತು.

ನಾಲ್ಕನೇ ದಿನ ಇವರ ಜ್ವರ ಇಳಿದದ್ದೇ ಹೇಳದೆ ಹೋದಿರಿ. ಅತ್ತೆ ಎರಡು ಮೋಸಂಬಿ ಹಿಡಿದುಕೊಂಡು ಬಂದರು. ಬೆಂಚು ನೋಡಿ, "ಹ್ವಾದ್ಲು" ಎಂದರು. ಮೋಸಂಬಿ ಇಬ್ಬರೂ ತಿನ್ನಲಿಲ್ಲ.

ನಾಚಿಕೊಂಡಿರುವ,
ಕಲಾ


ಮಂಗಳೂರು
೧೧ ಜೂನ್ ೧೯೮೮

ಅಕ್ಕಾ, ಅಕ್ಕಾ!

ಈ ಕಾಗದದ ಜೊತೆ ಹಿತ್ತಾಳೆ ಡಬ್ಬಿ ಬರುತ್ತಿದೆ, ದಾದೇಸಾಬ ಗದಗಿಗೆ ಬಾಡಿಗೆ ಹೋಗುವಾಗ ತರುತ್ತಾನೆ. "ಯಾರು ಕೊಟ್ಟಾರ ಅಂತ ಹೇಳಬ್ಯಾಡ, ಕೊಟ್ಟು ಬಾ" ಎಂದು ಅವನಿಗೆ ಅಪ್ಪಣೆಯಾಗಿದೆ. ಅದಕ್ಕೇ ನಾನು ಹೇಳಿಬಿಡುತ್ತೇನೆ. ಅಂಟಿನ ಉಂಡಿ!

ಮೂರು ದಿನ ಮನೆಯೆಲ್ಲ ತುಪ್ಪ, ಒಣಕೊಬ್ಬರಿ, ಉತ್ತತ್ತಿಯ ವಾಸನೆ. ಅಂಟನ್ನು ತುಪ್ಪದಲ್ಲಿ ಅರಳಿಸುವಾಗ ನನ್ನನ್ನೂ ಒಲೆಯ ಹತ್ತಿರ ಬಿಡಲಿಲ್ಲ. ಇವರಿಗೆಂದೇ ಮಾಡುತ್ತಿದ್ದಾರೆ ಎಂದುಕೊಂಡಿದ್ದೆ. ಇವರೂ ಹಾಗೇ ಅಂದುಕೊಂಡು ತಟ್ಟೆಗೆ ಕೈ ಹಾಕಿದರು. ಅತ್ತೆ ಕೈ ಮೇಲೆ ಪಟ್ಟನೆ ಹೊಡೆದರು.

"ಇದು ನಿನಗಲ್ಲ. ಬಾಣಂತಿಗೆ."

"ಮತ್ತ ಇಷ್ಟು ದಿನ ನಾನೇ ಬಾಣಂತಿ ಅಂದ್ರಲ್ಲ?"

"ನೀ ಬರೇ ಕೂಸು. ಹಡದಾಕಿ ಅಕಿ. ಎಲುಬು ಕೊಟ್ಟಾಕಿ ಅಕಿ, ಸೊಂಟ ನೋಯೂದು ಅಕಿದು. ಎರಡು ಹೆರಿಗ್ಯಾಗ ಹೋಗಲಿಲ್ಲ ನಾನು. ಇದು ಮೂರನೇದು."

ಇವರು ಕೈ ತೆಗೆಯಲಿಲ್ಲ. ಅತ್ತೆ ಅರ್ಧ ಉಂಡಿ ಮುರಿದು, ಇನ್ನೂ ಬಿಸಿಯಿದೆ, ನಡೆಯುತ್ತದೆ ಎಂದು ಆ ಕೈಗೇ ಇಟ್ಟರು.

ಇವರು ಈಗ ಬೆಳಿಗ್ಗೆ ಜನ ಏಳುವ ಮೊದಲು ಕೆರೆಯ ಏರಿಯವರೆಗೆ ನಡೆಯುತ್ತಾರೆ. ನಾನು ಹಿಂದೆ. ನಿನ್ನೆ ಏರಿಯ ಮೇಲೆ ಮಾಸ್ಕ್ ಸರಿಸಿ ಒಂದು ಸಿನಿಮಾ ಹಾಡು ತಪ್ಪು ತಪ್ಪಾಗಿ ಹೇಳಿದರು. ಈ ವರ್ಷ ನಾನು ಕೇಳಿದ ಅತ್ಯಂತ ಒಳ್ಳೆಯ ಸಂಗೀತ ಅದೇ!

ಉಂಡಿ ಹೇಗಿದೆ ಬರೆಯಿರಿ. ಅತ್ತೆ ಕೇಳುವುದಿಲ್ಲ, ಆದರೆ ಪೋಸ್ಟ್ ಬರುವ ಹೊತ್ತಿಗೆ ಕಟ್ಟೆಯ ಮೇಲೆ ಕೂತಿರುತ್ತಾರೆ.

ಉಬ್ಬಿ ಹೋಗಿರುವ,
ಕಲಾ


ಗದಗ
೫ ಜುಲೈ ೧೯೮೮

ಚಿ. ಸೌ. ಕಲಾಗ ಆಶೀರ್ವಾದ.

ಉಂಡಿ ಮುಟ್ಟಿದವು. ಛಲೋ ಆಗ್ಯಾವ. ಒಂದು ತಿಂದು ಡಬ್ಬಿ ಮುಚ್ಚಿಟ್ಟೆ. ಮಕ್ಕಳು ಯಾರು ಕಳಿಸ್ಯಾರ ಅಂತ ಕೇಳಿದವು. ನಿಮ್ಮ ಅಮ್ಮ, ನನ್ನ ಹಡದವ್ವ ಅಂದೆ. ನಮಗೊಬ್ಬಾಕಿ ಅಮ್ಮ ಅದಾಳೇನು ಅಂತ ಕೇಳಿದವು.

ಪಂಚಮಿಗೆ ತಾನೇ ಕರಿಯಾಕ ಬರ್ತೀನಿ ಅಂತ ಕೊಟ್ರ್ಯಾ ಬೇರೆ ಕಾಗದ ಬರದಾನ. ಅವನಿಗೆ ಹೇಳು, ಬ್ಯಾಡ. ಪಂಚಮಿಗೆ ಅಣ್ಣತಮ್ಮರು ಬಂದು ಹೆಣ್ಣಮಕ್ಕಳನ್ನ ಕರಕೊಂಡು ಹೋಗೂದು ಪದ್ಧತಿ, ನನಗೂ ಗೊತ್ತೈತಿ. ಎಂಟು ವರ್ಷ ಈ ಸಾಲಿನ ಮನಿಗಳಿಗೆಲ್ಲ ಬಂದವರನ್ನ ನೋಡೀನಿ. ಆದ್ರ ನನ್ನ ಹೊರಗ ಹಾಕಿದಾಗ ಕೊಟ್ರ್ಯಾ ಹದಿನೆಂಟರ ಹುಡುಗ. ಬಾಗಿಲು ಹಾಕಿದಾಂವ ಅಪ್ಪ. ಅವ್ವ ಒಳಗ ನಿಂತಿದ್ಲು, ಒಂದು ಮಾತು ಅನಲಿಲ್ಲ. ನನಗ ಅಪ್ಪನ ಬಾಗಿಲಕಿಂತ ಅದೇ ಹೆಚ್ಚು ಬಡೀತು. ಈಗ ಉಂಡಿ ಬಂದಾವ, ಮಾತು ಬಂದಿಲ್ಲ.

ಅವನಿಗೆ ಎಲುಬು ಕೊಟ್ಟೆ ಅಂತ ಆ ಮನಿಗೆ ಬಂದು ಕುಂದ್ರೂದು ನನಗ ಬ್ಯಾಡ. ಎಲುಬು ಕೊಟ್ಟದ್ದು ಅದಕ್ಕಲ್ಲ. ಅಂವ ಆರಾಮ ಇರಲಿ, ಸಾಕು.

ಇದನ್ನ ಅವ್ವಗ ಓದಿ ಹೇಳಬ್ಯಾಡ.

ಇಂತಿ,
ಸಿದ್ದವ್ವ


ಮಂಗಳೂರು
೬ ಆಗಸ್ಟ್ ೧೯೮೮

ಅಕ್ಕಾ,

ಪಾಸ್! ಪಾಸ್! ಫಸ್ಟ್ ಕ್ಲಾಸ್! ದಾದೇಸಾಬನ ಜೀಪಿನಲ್ಲಿ ವೇಲೂರಿಗೆ ಹೋಗಿ ಬಂದೆವು. ರಕ್ತದ ಲೆಕ್ಕವೆಲ್ಲ ಸರಿ, ಎದೆಯ ಫೋಟೋ ಸ್ವಚ್ಛ, ಔಷಧ ಅರ್ಧಕ್ಕೆ ಇಳಿಯಿತು. ದೀಪಾವಳಿ ಕಳೆದು ಶಾಲೆಗೆ ಹೋಗಬಹುದಂತೆ. ಮನೆಯವರ ಜೊತೆ ಕೂತು ಊಟ ಮಾಡಬಹುದಂತೆ. ಡಾಕ್ಟರ ಕೋಣೆಯಿಂದ ಹೊರಗೆ ಬಂದು ಇವರು ಏನು ಮಾಡಿದರು ಗೊತ್ತೇ? ಏನೂ ಇಲ್ಲ. ಗೋಡೆಗೆ ಒರಗಿ ನಿಂತು ನನ್ನ ಕೈ ಹಿಡಿದುಕೊಂಡರು. ಅಷ್ಟು ಜನರ ಮುಂದೆ! ಮಾಸ್ಕಿನ ಮೇಲೆ ಕಣ್ಣು ತುಂಬಿತ್ತು.

ಇನ್ನು ನೀವು ನನ್ನನ್ನು ಬೈಯುವ ಭಾಗ. ನಿಮ್ಮ ಕಾಗದವನ್ನು ಅತ್ತೆಗೆ ಓದಿ ಹೇಳಿದೆ. ಬೇಡವೆಂದಿರಿ, ಗೊತ್ತು. ಹುಬ್ಬಳ್ಳಿಯಲ್ಲಿ ಒಮ್ಮೆ ಸುಮ್ಮನಿದ್ದು ಸಾಕಾಗಿತ್ತು. ಪೂರ್ತಿ ಓದಿದೆ, ಒಂದು ಸಾಲು ಬಿಡದೆ. "ಒಂದು ಮಾತು ಅನಲಿಲ್ಲ" ಎಂಬಲ್ಲಿ, "ಮತ್ತೊಮ್ಮಿ ಓದು" ಎಂದರು. ಓದಿದೆ. "ಖರೇ ಐತಿ" ಎಂದರು. ಮೂರು ವಾರ ಆ ವಿಷಯ ತೆಗೆಯಲಿಲ್ಲ.

ವೇಲೂರಿನಿಂದ ಬಂದ ಮರುದಿನ ಇವರು ಕುಣಿಯತೊಡಗಿದರು, ಜೀಪಿನಲ್ಲಿ ಗದಗಿಗೆ ಹೋಗುತ್ತೇನೆ, ಅಕ್ಕನ ಕಾಲು ಹಿಡಿದಾದರೂ ಕರೆತರುತ್ತೇನೆ ಎಂದು. ನಾನು, ಬೇಡ, ನಾನು ಹೋಗುತ್ತೇನೆ ಎಂದೆ. ಜಗಳವೇ ಆಯಿತು, ಮದುವೆಯಾದ ಮೇಲೆ ನಮ್ಮ ಮೊದಲ ನಿಜವಾದ ಜಗಳ, ಬಾಯಿಂದ! ಅತ್ತೆ ಟ್ರಂಕಿನಿಂದ ಇಳಕಲ್ ಸೀರೆ ತೆಗೆದು ಬಿಸಿಲಿಗೆ ಹಾಕುತ್ತಾ, "ನೀವಿಬ್ಬರೂ ಕರದದ್ದು ಅಕಿಗೆ ಯಾವಾಗೋ ಮುಟ್ಟೈತಿ. ಇನ್ನೂ ಮುಟ್ಟಲಾರದ್ದು ನಂದು" ಎಂದರು.

ಮುದಕಮ್ಮ ಕಟ್ಟೆಯಿಂದಲೇ ಕೂಗಿದರು, "ಎಲ್ಲಿರ ತಾಯಿ ಮಗಳನ್ನ ಕರಿಯಾಕ ಹೋಗೂದು ಐತೇನು ಪಾರ್ವತೆಮ್ಮಾ? ಊರು ನಗತೈತಿ."

"ನಗಲಿ. ಗಂಡಸಿನ ಬಾಣಂತನ ಮಾಡಿದೆ, ಆಗ ನಕ್ಕಿಲ್ಲೇನು? ನಕ್ಕವರು ಯಾರರ ಸತ್ತಾರೇನು?"

ನಾನು ಜೊತೆಗೆ ಬರುತ್ತೇನೆ ಎಂದೆ. ಬೇಡವಂತೆ. "ನೀ ನಡುವ ಕುಂತ್ರ ನಾವಿಬ್ಬರೂ ನಿನ್ನ ಕೂಡೇ ಮಾತಾಡ್ತೀವಿ." ಹಾಗಾದರೆ ದಾದೇಸಾಬನಿಗೆ ಜೀಪು ಹೇಳಲೇ ಎಂದೆ. ಸೀರೆಯ ಮಡಿಕೆ ಸರಿ ಮಾಡುತ್ತಾ, ನನ್ನ ಕಡೆ ನೋಡದೆ ಹೇಳಿದರು, "ಯಾಕ? ಅಳಿಯ ದಿನಾ ನಡದು ಕಾಯೂ ಹಳಿ ಐತಿ. ಅದರ ಮ್ಯಾಲ ಹೋಗ್ತೀನಿ."

ಅಳಿಯ ಅಂದರು ಅಕ್ಕಾ. ಇವರು ತಟ್ಟನೆ ಎದ್ದು ಹಿತ್ತಲಿಗೆ ಹೋದರು.

ಈಗ ಸೂಚನೆಗಳು. ಅತ್ತೆ ನಿಮ್ಮ ಮನೆಯಲ್ಲೇ ಉಣ್ಣುತ್ತಾರೆ, ರಾತ್ರಿ ಅಲ್ಲೇ ಮಲಗುತ್ತಾರೆ, ಇದನ್ನು ಬರೆಯಲೇಬೇಕೆಂದು ಹೇಳಿದ್ದಾರೆ. ಖಾರ ಕಡಿಮೆ ಹಾಕಿ. ಮಕ್ಕಳ ಹೆಸರು ನನ್ನಿಂದ ಹೇಳಿಸಿಕೊಂಡು, ಬೆಳಿಗ್ಗೆ ರೊಟ್ಟಿ ಬಡಿಯುವಾಗ ಬಾಯಲ್ಲೇ ಅಂದುಕೊಳ್ಳುತ್ತಿರುತ್ತಾರೆ. ರೈಲು ಇಳಿದ ಕೂಡಲೇ ಮಾತು ಹೊರಡದಿದ್ದರೆ ಅವಸರ ಮಾಡಬೇಡಿ. ನೀವು ಅವರ ಜೊತೆ ಹೊರಡುತ್ತೀರೋ ಇಲ್ಲವೋ, ಅದು ನಿಮಗೂ ಅವರಿಗೂ ಬಿಟ್ಟದ್ದು. ನಾನು ಪ್ರಾಮಿಸ್ ಮಾಡಿದ್ದನ್ನು ಮರೆತುಬಿಡಿ, ಅದು ನನ್ನ ಕೈಯಲ್ಲಿರಲಿಲ್ಲ. ಇಲ್ಲಿ ಪಡಸಾಲೆ ಸಾರಿಸಿ ಇಟ್ಟಿರುತ್ತೇನೆ, ಅಷ್ಟೇ. ಇವರು ತಾವೇ ಪಂಚಮಿಯ ಜೋಕಾಲಿ ಕಟ್ಟುತ್ತೇನೆಂದು ಹಗ್ಗ ಹುಡುಕುತ್ತಿದ್ದಾರೆ.

ಅತ್ತೆ ತಮ್ಮ ಬಾಯಿಂದ ಬರೆಸಿದ್ದು ಒಂದೇ ಸಾಲು, ಹಾಗೇ ಬರೆಯುತ್ತೇನೆ: "ಸಿದ್ದವ್ವಾ, ನಾ ನಿನ್ನವ್ವ, ಕರಿಯಾಕ ಬರಾಕತ್ತೀನಿ, ನೀ ಟೇಶನ್ನಿಗೆ ಬಾ."

ನಿಮ್ಮ ಕಲಾ

ಮುಖ್ಯವಾದದ್ದೇ ಬಿಟ್ಟಿದ್ದೆ, ಇವರು ಕೆಂಪು ಪೆನ್ನಿನಲ್ಲಿ ಗುರುತು ಹಾಕಿ ವಾಪಸ್ ಕೊಟ್ಟರು. ಅತ್ತೆ ಒಬ್ಬರೇ ಬರುತ್ತಾರೆ, ಇದೇ ಹದಿಮೂರನೇ ತಾರೀಖು, ಶನಿವಾರ, ಬೆಳಗಿನ ಗುಂತಕಲ್-ಹುಬ್ಬಳ್ಳಿ ಪ್ಯಾಸೆಂಜರಿಗೆ.